ಬ್ಲ್ಯಾಕ್‌ಕರಂಟ್ ಕಿತ್ತ ಜಾಗದಲ್ಲಿ ಜೋಸ್ಟಾಬೆರಿ: ಏಳು ವರ್ಷ ಬೆಳೆಸಿದ ಮೇಲೆ

ಇಂಗ್ಲೆಂಡಿನ ಲೆಸ್ಟರ್ ನಗರದ ಅಂಚಿನಲ್ಲಿ, ತರಕಾರಿ ಹಣ್ಣು ಬೆಳೆದುಕೊಳ್ಳಲೆಂದು ಕೌನ್ಸಿಲ್‌ನಿಂದ ಬಾಡಿಗೆಗೆ ಪಡೆದಿರುವ ಅರ್ಧ ಅಲಾಟ್‌ಮೆಂಟಿನಲ್ಲಿ, ಅಂದರೆ ಹೆಚ್ಚುಕಡಿಮೆ 125 ಚದರ ಮೀಟರ್ ಜೇಡಿಮಣ್ಣಿನ ತುಂಡಿನಲ್ಲಿ, ನಾನು ಬ್ಲ್ಯಾಕ್‌ಕರಂಟ್ ಎಂಬ ಸಣ್ಣ ಕಪ್ಪು ಹಣ್ಣಿನ ನಾಲ್ಕು ಪೊದೆಗಿಡಗಳನ್ನು ಬೆಳೆಸಿದ್ದೆ. 2017ರ ಫೆಬ್ರುವರಿಯಲ್ಲಿ ಅವುಗಳ ಎಲೆಯುದುರಿದ ಕಡ್ಡಿಗಳನ್ನು ಹತ್ತಿರದಿಂದ ನೋಡಿದಾಗ, ಚೂಪಾಗಿ ಕಡ್ಡಿಗೆ ಅಂಟಿಕೊಂಡಿರಬೇಕಾದ ಮೊಗ್ಗುಗಳು ಬಟಾಣಿಯಂತೆ ಉಬ್ಬಿ ಗುಂಡಗಾಗಿದ್ದವು. ಒಂದನ್ನು ಉಗುರಿನಿಂದ ಸೀಳಿ ಭೂತಗನ್ನಡಿಯ ಕೆಳಗೆ ಹಿಡಿದೆ. ಒಳಗೆ ಬಿಳಿಯ ಪುಡಿಯಂತೆ ಕಂಡದ್ದು ನುಸಿಗಳ ರಾಶಿ. ತಿಪಟೂರು, ಅರಸೀಕೆರೆಯ ಕಡೆಯ ತೆಂಗಿನ ತೋಟಗಳನ್ನು 1990ರ ದಶಕದ ಕೊನೆಯಿಂದ ಕಾಡಿದ ನುಸಿಯನ್ನು ಬಲ್ಲವರಿಗೆ ಇದರ ಸ್ವಭಾವವನ್ನು ವಿವರಿಸಬೇಕಾಗಿಲ್ಲ, ಏಕೆಂದರೆ ಎರಡೂ ಒಂದೇ ಕುಟುಂಬದ ಜೀವಿಗಳು. ಕಣ್ಣಿಗೆ ಬೀಳದಷ್ಟು ಸಣ್ಣ, ಔಷಧಿ ತಲುಪದಷ್ಟು ಒಳಗೆ ಅಡಗುವ, ಗಾಳಿಯಲ್ಲಿ ತೇಲಿ ಪಕ್ಕದ ಗಿಡಕ್ಕೆ ಹೋಗುವ ಪೀಡೆ ಇದು. ಬ್ಲ್ಯಾಕ್‌ಕರಂಟಿನ ವಿಷಯದಲ್ಲಿ ಇನ್ನೂ ಒಂದು ಕಷ್ಟವಿದೆ. ಈ ನುಸಿ ತನ್ನೊಂದಿಗೆ ರಿವರ್ಷನ್ ಎಂಬ ವೈರಸ್ ರೋಗವನ್ನೂ ಹೊತ್ತು ತರುತ್ತದೆ. ರೋಗ ಹಿಡಿದ ಗಿಡ ಎಲೆ ಬಿಡುತ್ತಲೇ ಇರುತ್ತದೆ, ಹಣ್ಣು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ ಕೊನೆಗೆ ನಿಂತೇ ಹೋಗುತ್ತದೆ. ಚಿಕಿತ್ಸೆಯಿಲ್ಲ, ಬೇರುಸಹಿತ ಕಿತ್ತು ಸುಡಬೇಕು. ನಾಲ್ಕನ್ನೂ ಕಿತ್ತೆ, ಸುಟ್ಟೆ. ಅದೇ ವರ್ಷದ ನವೆಂಬರಿನಲ್ಲಿ ಅವುಗಳ ಬದಲಿಗೆ ಜೋಸ್ಟಾಬೆರಿ ಗಿಡಗಳನ್ನು ತಂದು ನೆಟ್ಟೆ. ಏಳು ಬೇಸಿಗೆಗಳನ್ನು ಕಂಡ ಮೇಲೆ ಅದರ ಬಗ್ಗೆ ಧೈರ್ಯವಾಗಿ ಬರೆಯಬಹುದೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಬಿಡುವುದು ಒಳ್ಳೆಯದು. ಕರಂಟ್ ಎಂಬ ಹೆಸರಿನಲ್ಲಿ ಬೇಕರಿಗಳು ಕೇಕಿಗೆ ಹಾಕುವ ಸಣ್ಣ ಕಪ್ಪು ಹಣ್ಣು ಒಣದ್ರಾಕ್ಷಿಯ ಒಂದು ಬಗೆಯೇ ಹೊರತು ಈ ಗಿಡದ್ದಲ್ಲ. ಹಾಗೆಯೇ ಗೂಸ್‌ಬೆರಿ ಎಂದರೆ ನಮ್ಮ ನೆಲ್ಲಿಕಾಯಿಯಲ್ಲ. ಇಂಗ್ಲಿಷರು ನೆಲ್ಲಿಕಾಯಿಗೆ ಆ ಹೆಸರು ಇಟ್ಟದ್ದು ಹೋಲಿಕೆಯಿಂದ, ಸಸ್ಯಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಬ್ಲ್ಯಾಕ್‌ಕರಂಟ್ ಮತ್ತು ಯುರೋಪಿನ ಗೂಸ್‌ಬೆರಿ ಎರಡೂ ರೈಬಿಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಜೋಸ್ಟಾಬೆರಿ ಇವೆರಡರ ಸಂಕರ. ಜರ್ಮನ್ ಭಾಷೆಯಲ್ಲಿ ಕರಂಟಿಗೆ ಯೊಹಾನಿಸ್‌ಬೇರೆ ಎಂದೂ ಗೂಸ್‌ಬೆರಿಗೆ ಷ್ಟಾಖೆಲ್‌ಬೇರೆ ಎಂದೂ ಹೆಸರು. ಎರಡರ ಮೊದಲ ಅಕ್ಷರಗಳನ್ನು ಜೋಡಿಸಿ ಯೋಸ್ಟಾ ಎಂದು ಹೆಸರಿಟ್ಟರು. ಇಂಗ್ಲೆಂಡಿನಲ್ಲಿ ಹೆಚ್ಚಿನವರು ಅದನ್ನು ಜೋಸ್ಟಾ ಎಂದೇ ಉಚ್ಚರಿಸುತ್ತಾರೆ.

ಈ ಸಂಕರ ಸುಲಭವಾಗಿ ಆದದ್ದಲ್ಲ. 19ನೇ ಶತಮಾನದಲ್ಲೇ ಯಾರ್ಕ್‌ಷೈರ್‌ನಲ್ಲಿ ಕಲ್ವರ್‌ವೆಲ್ ಎಂಬ ತೋಟಗಾರರು ಎರಡನ್ನೂ ಕೂಡಿಸಿ ಗಿಡ ಪಡೆದಿದ್ದರು, ಆದರೆ ಆ ಗಿಡ ಬಂಜೆಯಾಗಿತ್ತು. 20ನೇ ಶತಮಾನದಲ್ಲಿ ಜರ್ಮನಿಯ ತಳಿ ಅಭಿವೃದ್ಧಿ ಸಂಸ್ಥೆಗಳಲ್ಲಿ ದಶಕಗಳ ಕಾಲ ಕೆಲಸ ನಡೆದು, ಕೊಲೋನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ರುಡಾಲ್ಫ್ ಬಾವರ್ ಅವರು 1977ರಲ್ಲಿ ಹಣ್ಣು ಕೊಡುವ ಯೋಸ್ಟಾ ತಳಿಯನ್ನು ಬಿಡುಗಡೆ ಮಾಡಿದರು. ಬ್ಲ್ಯಾಕ್‌ಕರಂಟ್ ಮತ್ತು ಗೂಸ್‌ಬೆರಿಗಳ ಜೊತೆಗೆ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಕಾಡು ಗೂಸ್‌ಬೆರಿಯ ರಕ್ತವೂ ಇದರಲ್ಲಿ ಸೇರಿದೆ. ಯುರೋಪಿನ ಗೂಸ್‌ಬೆರಿ ತೋಟಗಳನ್ನು ಹಾಳುಮಾಡಿದ ಬೂದಿರೋಗ ಬಂದದ್ದು ಅಮೆರಿಕದಿಂದ. ಅದನ್ನು ತಡೆಯುವ ಶಕ್ತಿಯೂ ಅಲ್ಲಿನ ಕಾಡುಗಿಡದಿಂದಲೇ ಬಂತು. ನುಸಿಯನ್ನು ತಡೆಯುವ ಗುಣ ಗೂಸ್‌ಬೆರಿಯ ಕಡೆಯದು. ಮುಳ್ಳಿಲ್ಲದ ಗುಣ ಬ್ಲ್ಯಾಕ್‌ಕರಂಟಿನದು. ಒಂದೇ ಗಿಡದಲ್ಲಿ ಈ ಮೂರೂ ಕೂಡಿಬರಲು ಅಷ್ಟು ಜನ ಅಷ್ಟು ವರ್ಷ ದುಡಿದರೆಂಬುದನ್ನು ನೆನೆದರೆ, ಹತ್ತು ಹನ್ನೆರಡು ಪೌಂಡಿಗೆ ಕೈಗೆ ಸಿಗುವ ಈ ಗಿಡದ ಬಗ್ಗೆ ನನಗೆ ಗೌರವ ಮೂಡುತ್ತದೆ.

ಕೊಳ್ಳುವಾಗ ಎಚ್ಚರವಾಗಿರಬೇಕು. ನಾನು ಒಟ್ಟು ಮೂರು ಗಿಡಗಳನ್ನು ಕೊಂಡೆ. ಎರಡನ್ನು ಚಳಿಗಾಲದಲ್ಲಿ ಮಣ್ಣಿಲ್ಲದೆ ಬರೀ ಬೇರಿನೊಂದಿಗೆ ಕಳಿಸುವ ನರ್ಸರಿಯಿಂದ ತರಿಸಿದೆ. ಅವು ಬೇರು ಒಣಗದಂತೆ ಒದ್ದೆ ಹುಲ್ಲಿನಲ್ಲಿ ಸುತ್ತಿಕೊಂಡು ಬಂದವು, ನೆಟ್ಟ ಮೊದಲ ವರ್ಷವೇ ಸೊಗಸಾಗಿ ಚಿಗುರಿದವು. ಮೂರನೆಯದನ್ನು ಬೇರೊಂದು ಅಂಗಡಿಯಲ್ಲಿ ಕುಂಡಸಮೇತ, ಹೆಚ್ಚು ಬೆಲೆಗೆ ಕೊಂಡೆ. ಜೋಸ್ಟಾಬೆರಿ ಎಂಬ ಚೀಟಿ ಅಂಟಿಸಿದ್ದ ಆ ಗಿಡ ಎರಡನೆಯ ಬೇಸಿಗೆಯಲ್ಲಿ ಉದ್ದನೆಯ ಮುಳ್ಳುಗಳನ್ನು ಬಿಟ್ಟಿತು. ಅದು ವೂಸ್ಟರ್‌ಬೆರಿ ಆಗಿತ್ತು. ಒಂದು ಕಾಲದಲ್ಲಿ ವೂಸ್ಟರ್‌ಬೆರಿಯನ್ನೂ ಬ್ಲ್ಯಾಕ್‌ಕರಂಟ್ ಮತ್ತು ಗೂಸ್‌ಬೆರಿಗಳ ಸಂಕರವೆಂದೇ ನಂಬಿದ್ದರಂತೆ, ಆದರೆ ಅದು ಮೇಲೆ ಹೇಳಿದ ಅಮೆರಿಕದ ಕಾಡು ಗೂಸ್‌ಬೆರಿಯೇ. ಅಂಗಡಿಯವರು ಹಣ ಹಿಂತಿರುಗಿಸಿದರು, ಹೋದ ಎರಡು ವರ್ಷ ಬರಲಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಕಡ್ಡಿಯ ಮೇಲೆ ಬೆರಳಾಡಿಸಿ ನೋಡಿ: ಜೋಸ್ಟಾಬೆರಿಯ ಕಡ್ಡಿ ನುಣುಪಾಗಿರುತ್ತದೆ. ಎಲೆ ಇರುವ ಕಾಲವಾದರೆ ಒಂದೆಲೆಯನ್ನು ಹಿಸುಕಿ ಮೂಸಬಹುದು. ಬ್ಲ್ಯಾಕ್‌ಕರಂಟಿನ ಎಲೆಗೆ ಕೈಗೆ ಅಂಟಿಕೊಳ್ಳುವಂಥ ಗಾಢ ವಾಸನೆಯಿದೆ, ಜೋಸ್ಟಾಬೆರಿಯ ಎಲೆಗೆ ಆ ವಾಸನೆ ಇಲ್ಲ.

ನೆಡುವ ಕ್ರಮದಲ್ಲಿ ವಿಶೇಷವೇನಿಲ್ಲ. ಬಿಸಿಲು ಬೀಳುವ, ನೀರು ನಿಲ್ಲದ ಜಾಗ, ಕೊಳೆತ ಕುದುರೆ ಗೊಬ್ಬರ ಒಂದು ಬುಟ್ಟಿ, ಮೇಲೆ ಕಾಂಪೋಸ್ಟಿನ ದಪ್ಪ ಹೊದಿಕೆ. ಸ್ವಂತ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಒಂದೇ ಗಿಡವಿದ್ದರೂ ಸಾಕು. ಆದರೆ ಜಾಗದ ಬಗ್ಗೆ ಯಾರ ಮಾತನ್ನೂ ನಂಬದೆ ಎರಡು ಮೀಟರ್ ಅಂತರ ಕೊಡಿ. ನಾನು ಬ್ಲ್ಯಾಕ್‌ಕರಂಟಿಗೆ ಕೊಡುತ್ತಿದ್ದ ಒಂದೂವರೆ ಮೀಟರಿನಲ್ಲೇ ನೆಟ್ಟೆ. ನಾಲ್ಕನೆಯ ವರ್ಷಕ್ಕೆ ಎರಡೂ ಗಿಡಗಳು ನನ್ನ ತಲೆಯನ್ನು ಮೀರಿ ಬೆಳೆದು, ಒಂದರೊಳಗೊಂದು ಹೆಣೆದುಕೊಂಡು, ನಡುವೆ ಕೈ ತೂರಿಸಲೂ ಆಗದಂತಾದವು. ಮನೆಯ ಹಿತ್ತಲಲ್ಲಿ ನಾಲ್ಕು ಹೆಜ್ಜೆ ಮಣ್ಣು ಮಾತ್ರ ಇರುವವರಿಗೆ ಈ ಗಿಡವನ್ನು ನಾನು ಶಿಫಾರಸು ಮಾಡುವುದಿಲ್ಲ.

ಸವರುವ ವಿಷಯದಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು, ಮತ್ತು ಬ್ಲ್ಯಾಕ್‌ಕರಂಟ್ ಬೆಳೆಸಿ ರೂಢಿಯಾದವರೆಲ್ಲರೂ ಮಾಡಬಹುದಾದ ತಪ್ಪೂ ಅದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬ್ಲ್ಯಾಕ್‌ಕರಂಟಿನ ಒಳ್ಳೆಯ ಫಲವೆಲ್ಲ ಹಿಂದಿನ ವರ್ಷ ಬೆಳೆದ ಹೊಸ ಕಡ್ಡಿಯ ಮೇಲೆ ಬರುತ್ತದೆ. ಅದಕ್ಕಾಗಿಯೇ ಪ್ರತಿ ಚಳಿಗಾಲ ಹಳೆಯ ಕಪ್ಪು ಕಡ್ಡಿಗಳಲ್ಲಿ ಮೂರನೆಯ ಒಂದು ಭಾಗವನ್ನು ನೆಲಮಟ್ಟಕ್ಕೆ ಕಡಿದು ಹೊಸ ಚಿಗುರಿಗೆ ದಾರಿ ಮಾಡಬೇಕು. ಜೋಸ್ಟಾಬೆರಿ ಹೊಸ ಕಡ್ಡಿಯಲ್ಲೂ ಹಣ್ಣು ಬಿಡುತ್ತದೆ, ಗೂಸ್‌ಬೆರಿಯಂತೆ ಹಳೆಯ ಕೊಂಬೆಗಳ ಮೇಲಿನ ಗಿಡ್ಡ ಕವಲುಗಳಲ್ಲೂ ಬಿಡುತ್ತದೆ. ನಾನು 2020ರ ಡಿಸೆಂಬರಿನಲ್ಲಿ ಬ್ಲ್ಯಾಕ್‌ಕರಂಟಿಗೆ ಮಾಡಿದಂತೆಯೇ, ಅದಕ್ಕಿಂತಲೂ ಹೆಚ್ಚಾಗಿ, ಹಳೆಯ ಕೊಂಬೆಗಳನ್ನೆಲ್ಲ ಕಡಿದೆ. ಮರುಬೇಸಿಗೆಯಲ್ಲಿ ಗಿಡದ ತುಂಬ ಆಳೆತ್ತರದ ಹೊಸ ಕಡ್ಡಿಗಳು ಎದ್ದವು, ಹಣ್ಣು ಮಾತ್ರ ಒಂದು ಪಾತ್ರೆಯ ತಳ ಮುಚ್ಚುವಷ್ಟು ಸಿಕ್ಕಿತು. ಅದರಲ್ಲಿ ಹವಾಮಾನದ ಪಾಲೂ ಇತ್ತು: 2021ರ ಏಪ್ರಿಲಿನಲ್ಲಿ ಬ್ರಿಟನ್ನಿನಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದ ದಿನಗಳು ವಾಡಿಕೆಗಿಂತ ಬಹಳ ಹೆಚ್ಚಾಗಿದ್ದವು, ಮತ್ತು ಜೋಸ್ಟಾಬೆರಿ ಬೇಗ ಹೂಬಿಡುವ ಗಿಡ. ಅರಳಿದ ಹೂಗಳು ಬೆಳಗಾಗುವುದರೊಳಗೆ ಕಂದಿ ಕಡ್ಡಿಗೆ ಜೋತುಬಿದ್ದಿದ್ದವು. ಈಗ ಹವಾಮಾನ ವರದಿಯಲ್ಲಿ ಅಂಥ ರಾತ್ರಿಯ ಸುಳಿವು ಕಂಡರೆ ಗಿಡಕ್ಕೆ ಬಿಳಿಯ ತೆಳು ಬಟ್ಟೆ ಹೊದಿಸುತ್ತೇನೆ, ಮತ್ತು ಚಳಿಗಾಲದಲ್ಲಿ ಬುಡದಿಂದ ಎರಡೋ ಮೂರೋ ತೀರ ಹಳೆಯ ಕೊಂಬೆಗಳನ್ನಷ್ಟೇ ತೆಗೆಯುತ್ತೇನೆ. ಆಮೇಲಿನ ವರ್ಷಗಳಲ್ಲಿ ಒಂದೊಂದು ಗಿಡದಿಂದ ಮೂರೂವರೆ ನಾಲ್ಕು ಕಿಲೋ ಹಣ್ಣು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೇನೆ.

ಆರೋಗ್ಯದ ಲೆಕ್ಕದಲ್ಲಿ ಈ ಗಿಡಕ್ಕೆ ಪೂರ್ಣ ಅಂಕ ಕೊಡುತ್ತೇನೆ. ನಮ್ಮ ಸಾಲಿನ ಮೂರು ಅಲಾಟ್‌ಮೆಂಟುಗಳಲ್ಲಿ ಇಂದಿಗೂ ನುಸಿ ಹಿಡಿದ ಬ್ಲ್ಯಾಕ್‌ಕರಂಟ್ ಗಿಡಗಳಿವೆ. ಪ್ರತಿ ಫೆಬ್ರುವರಿಯಲ್ಲಿ ನಾನು ನನ್ನ ಗಿಡಗಳ ಮೊಗ್ಗುಗಳನ್ನು ಒಂದೊಂದಾಗಿ ನೋಡುತ್ತೇನೆ. ಏಳು ವರ್ಷಗಳಲ್ಲಿ ಒಂದೂ ಉಬ್ಬಿಲ್ಲ. ಪಕ್ಕದವರ ಗೂಸ್‌ಬೆರಿಯ ಎಲೆ, ಕಾಯಿಗಳ ಮೇಲೆ ಬೂದಿ ಕಾಣಿಸಿಕೊಂಡ ಬೇಸಿಗೆಗಳಲ್ಲೂ ಇವುಗಳ ಎಲೆ ಹಸಿರಾಗಿಯೇ ಇತ್ತು. ಮೇ ತಿಂಗಳಲ್ಲಿ ಚಿಗುರಿನ ತುದಿಗೆ ಹೇನು ಬರುವುದುಂಟು, ಬೆರಳಿನಿಂದ ಒರೆಸಿದರೆ ಹೋಗುತ್ತದೆ. ಒಂದು ಸಲವೂ ಔಷಧಿ ಹೊಡೆದಿಲ್ಲ. ಹಕ್ಕಿಗಳ ಕಾಟ ಮಾತ್ರ ಬ್ಲ್ಯಾಕ್‌ಕರಂಟಿಗಿಂತ ಕಡಿಮೆಯಿಲ್ಲ, ಹಣ್ಣು ಬಣ್ಣ ತಿರುಗುವ ಮೊದಲೇ ಬಲೆ ಹಾಕದಿದ್ದರೆ ಬ್ಲ್ಯಾಕ್‌ಬರ್ಡ್ ಹಕ್ಕಿಗಳು ಎರಡೇ ದಿನದಲ್ಲಿ ಗಿಡ ಬರಿದು ಮಾಡುತ್ತವೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಬ್ಲ್ಯಾಕ್‌ಕರಂಟ್ ಗಿಡ ಬಿಳಿ ಪೈನ್ ಮರಗಳ ತುಕ್ಕುರೋಗಕ್ಕೆ ಆಸರೆಯಾಗುತ್ತದೆಂದು ಆ ದೇಶ 20ನೇ ಶತಮಾನದ ಆರಂಭದಲ್ಲಿ ಅದರ ಬೇಸಾಯವನ್ನು ನಿಷೇಧಿಸಿತ್ತು. ಒಕ್ಕೂಟದ ನಿಷೇಧ 1966ರಲ್ಲಿ ತೆರವಾಯಿತು, ನ್ಯೂಯಾರ್ಕ್ ರಾಜ್ಯ 2003ರಲ್ಲಿ ತನ್ನ ನಿಷೇಧವನ್ನು ಸಡಿಲಿಸಿತು, ಕೆಲವು ರಾಜ್ಯಗಳಲ್ಲಿ ಇನ್ನೂ ನಿರ್ಬಂಧಗಳಿವೆ. ಜೋಸ್ಟಾಬೆರಿ ಆ ತುಕ್ಕುರೋಗವನ್ನೂ ತಡೆಯುವ ಗಿಡವಾದರೂ ನಿಯಮಗಳು ಕೆಲವು ಕಡೆ ಇಡೀ ರೈಬಿಸ್ ಕುಲಕ್ಕೇ ಅನ್ವಯಿಸುತ್ತವೆ, ಆದ್ದರಿಂದ ನಿಮ್ಮ ರಾಜ್ಯದ ಕೃಷಿ ಇಲಾಖೆಯನ್ನು ಕೇಳಿಯೇ ಗಿಡ ತರಿಸಿ. ಬೆಂಗಳೂರಿನ ನಂಟರು ಪ್ರತಿ ಸಲ ಕೇಳುವ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ಇಲ್ಲ, ಇದು ಅಲ್ಲಿ ಫಲ ಕೊಡುವುದಿಲ್ಲ. ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗಿನ ಚಳಿಯನ್ನು ಸಾವಿರದಷ್ಟು ಗಂಟೆ ಉಂಡ ಮೇಲೆಯೇ ಈ ಜಾತಿಯ ಮೊಗ್ಗು ಸರಿಯಾಗಿ ಒಡೆಯುವುದು.

ಇನ್ನು ಹಣ್ಣು. ಜುಲೈ ಮೊದಲ ವಾರದಿಂದ ಹಣ್ಣಾಗತೊಡಗುತ್ತದೆ. ಬ್ಲ್ಯಾಕ್‌ಕರಂಟಿಗಿಂತ ದೊಡ್ಡದು, ಗೂಸ್‌ಬೆರಿಗಿಂತ ಚಿಕ್ಕದು, ಮೂರು ನಾಲ್ಕರ ಗೊಂಚಲು, ಕಪ್ಪಿನೊಳಗೆ ಕೆಂಪು ಬೆರೆತ ಬಣ್ಣ. ಬ್ಲ್ಯಾಕ್‌ಕರಂಟಿನ ಹೊಸ ತಳಿಗಳಲ್ಲಿ ಇಡೀ ಗೊಂಚಲನ್ನು ಒಮ್ಮೆಗೇ ಸೆಳೆದು ಬುಟ್ಟಿಗೆ ಹಾಕಬಹುದು. ಇಲ್ಲಿ ಹಾಗಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಒಂದು ಹಣ್ಣು ಕಪ್ಪಾಗಿದ್ದರೆ ಇನ್ನೊಂದು ಹಸಿರಾಗಿರುತ್ತದೆ, ಹಣ್ಣಾದದ್ದೂ ತೊಟ್ಟನ್ನು ಬಿಗಿಯಾಗಿ ಹಿಡಿದಿರುತ್ತದೆ. ಎಡಗೈಯಲ್ಲಿ ಕಡ್ಡಿ ಹಿಡಿದು ಬಲಗೈಯಿಂದ ಒಂದೊಂದನ್ನೇ ತಿರುವಿ ಕೀಳಬೇಕು. ಒಂದು ಕಿಲೋ ಕೀಳಲು ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಮತ್ತು ಮೂರು ವಾರಗಳಲ್ಲಿ ನಾಲ್ಕೈದು ಸಲ ಅದೇ ಗಿಡಕ್ಕೆ ಮರಳಿ ಹೋಗಬೇಕು. ಯಂತ್ರದಿಂದ ಕೊಯ್ಯಲು ಬಾರದ ಈ ಗುಣದಿಂದಾಗಿಯೇ ದೊಡ್ಡ ರೈತರು ಇದನ್ನು ಮುಟ್ಟಲಿಲ್ಲ, ಅಂಗಡಿಗಳಲ್ಲಿ ಈ ಹಣ್ಣು ಕಾಣಸಿಗುವುದಿಲ್ಲ. ಮನೆಮಟ್ಟಿಗೆ ಬೆಳೆಸುವವರಿಗೆ ಇದು ಅಡ್ಡಿಯಲ್ಲ. ಸಂಜೆ ಎಂಟರ ಬೆಳಕಿನಲ್ಲಿ ಮಗಳೊಂದಿಗೆ ಗಿಡದ ಎರಡು ಬದಿಗೆ ಕೂತು ಹಣ್ಣು ಕೀಳುವ ಆ ಹೊತ್ತು ನನಗೆ ವರ್ಷದಲ್ಲೇ ಪ್ರಿಯವಾದದ್ದು.

ರುಚಿಯ ಬಗ್ಗೆ ನೇರವಾಗಿ ಹೇಳಬೇಕು, ಏಕೆಂದರೆ ಗಿಡ ಮಾರುವವರ ಚೀಟಿಗಳಲ್ಲಿ ಇದನ್ನು ದೊಡ್ಡ ಗಾತ್ರದ ಬ್ಲ್ಯಾಕ್‌ಕರಂಟ್ ಎಂಬಂತೆ ವರ್ಣಿಸಿರುತ್ತಾರೆ. ಅದು ಸರಿಯಲ್ಲ. ಪೂರ್ತಿ ಮಾಗದ ಹಣ್ಣಿನಲ್ಲಿ ಗೂಸ್‌ಬೆರಿಯ ಹುಳಿಯೇ ಮುಂದು. ಕಪ್ಪಾಗಿ, ಮುಟ್ಟಿದರೆ ಮೆತ್ತಗಾದ ಮೇಲೆ ಮಾತ್ರ ಬ್ಲ್ಯಾಕ್‌ಕರಂಟಿನ ಪರಿಮಳ ಮೆಲ್ಲಗೆ ಬರುತ್ತದೆ. ಬ್ಲ್ಯಾಕ್‌ಕರಂಟಿನ ಆ ಗಾಢವಾದ, ಕಸ್ತೂರಿಯನ್ನು ನೆನಪಿಸುವ ಘಮ, ಐಸ್‌ಕ್ರೀಮಿನ ನೇರಳೆ ಬಣ್ಣದ ಮೂಲಕ ನಮ್ಮೂರ ಮಕ್ಕಳಿಗೂ ಪರಿಚಿತವಾದ ರುಚಿ, ಇದರಲ್ಲಿ ಅರ್ಧದಷ್ಟೂ ಇಲ್ಲ. ಆದರೆ ಹಸಿಯಾಗಿ ತಿನ್ನಲು ಇದೇ ಮೇಲು. 2023ರ ಬೇಸಿಗೆಯಲ್ಲಿ ಧಾರವಾಡದಿಂದ ಬಂದಿದ್ದ ನಮ್ಮವ್ವ ಗಿಡದ ಮುಂದೆ ನಿಂತು ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡು, “ಕವಳೀಹಣ್ಣಿನ್ಹಂಗ ಅದ ನೋಡವಾ, ಹಾಲು ಒಂದು ಇಲ್ಲ” ಎಂದಳು. ಕಣ್ಣು ಮುಚ್ಚಿ ತಿಂದು ನೋಡಿದೆ. ಅವ್ವ ಹೇಳಿದ್ದು ನಿಜ: ಮೊದಲು ಸಿಹಿ, ಹಿಂದೆಯೇ ನಾಲಿಗೆ ಹಿಡಿಯುವ ಹುಳಿ, ಕೊನೆಗೆ ಸಿಪ್ಪೆಯ ತುಸು ಒಗರು. ಕವಳಿಹಣ್ಣಿನಲ್ಲಿ ತುಟಿಗೆ ಅಂಟುವ ಹಾಲಿರುತ್ತದೆ, ಇದರಲ್ಲಿ ಇಲ್ಲ.

ಪೌಷ್ಟಿಕತೆಗಾಗಿ ಬ್ಲ್ಯಾಕ್‌ಕರಂಟ್ ಬೆಳೆಸುತ್ತಿದ್ದವರು ಇದನ್ನೂ ತಿಳಿದಿರಬೇಕು. 100 ಗ್ರಾಂ ಬ್ಲ್ಯಾಕ್‌ಕರಂಟಿನಲ್ಲಿ ಸುಮಾರು 180 ಮಿಲಿಗ್ರಾಂ ಸಿ ಜೀವಸತ್ವವಿದೆ, ಕಿತ್ತಳೆಯಲ್ಲಿ 53, ಗೂಸ್‌ಬೆರಿಯಲ್ಲಿ 28ರಷ್ಟು. ಎರಡನೆಯ ಮಹಾಯುದ್ಧದಲ್ಲಿ ಕಿತ್ತಳೆ ಹಡಗುಗಳು ಬಾರದಾದಾಗ ಬ್ರಿಟನ್ ತನ್ನ ಎಳೆಯ ಮಕ್ಕಳಿಗೆ ಬ್ಲ್ಯಾಕ್‌ಕರಂಟ್ ಷರಬತ್ತನ್ನು ಉಚಿತವಾಗಿ ಹಂಚಿದ್ದು ಈ ಕಾರಣಕ್ಕೆ. ಜೋಸ್ಟಾಬೆರಿಯ ಸ್ಥಾನ ತಂದೆತಾಯಿಯರ ನಡುವೆ: ಗೂಸ್‌ಬೆರಿಗಿಂತ ಹೆಚ್ಚು, ಬ್ಲ್ಯಾಕ್‌ಕರಂಟಿಗಿಂತ ಸ್ಪಷ್ಟವಾಗಿ ಕಡಿಮೆ.

ಅಡುಗೆಮನೆಯಲ್ಲಿ ಇದು ನನಗೆ ಬ್ಲ್ಯಾಕ್‌ಕರಂಟಿಗಿಂತ ಹೆಚ್ಚು ಒದಗಿದೆ. ಜ್ಯಾಮಿಗೆ ಪೂರ್ತಿ ಹಣ್ಣಾದದ್ದನ್ನಷ್ಟೇ ಹಾಕದೆ ಕಾಲು ಭಾಗ ಅರೆಗಾಯಿ ಸೇರಿಸಿದರೆ ಪೆಕ್ಟಿನ್ ಹೆಚ್ಚಾಗಿ ಬೇಗ ಗಟ್ಟಿಯಾಗುತ್ತದೆ. ತುದಿಯಲ್ಲಿ ಒಣಗಿ ಉಳಿದ ಹೂವಿನ ಎಸಳುಗಳನ್ನು ಒಂದೊಂದಾಗಿ ಚಿವುಟುವುದು ಬೇಸರವೆನಿಸಿದರೆ ಬೇಯಿಸಿ ಜರಡಿಯಲ್ಲಿ ಸೋಸಿ ಜೆಲ್ಲಿ ಮಾಡುವುದು ಲೇಸು. ಆದರೆ ನಮ್ಮ ಮನೆಯಲ್ಲಿ ಹೆಚ್ಚು ಖರ್ಚಾಗುವುದು ಗೊಜ್ಜು. ಅರ್ಧ ಕಿಲೋ ಕಾಯಿಯನ್ನು ಎಣ್ಣೆ, ಸಾಸಿವೆ, ಇಂಗು, ಮೆಂತ್ಯದ ಒಗ್ಗರಣೆಯಲ್ಲಿ ಹಾಕಿ, ಅವು ಪಟಪಟನೆ ಒಡೆದು ರಸ ಬಿಟ್ಟ ಮೇಲೆ ಬೆಲ್ಲ, ಉಪ್ಪು, ಬ್ಯಾಡಗಿ ಮೆಣಸಿನಪುಡಿ ಸೇರಿಸಿ ಸಣ್ಣ ಉರಿಯಲ್ಲಿ ಕುದಿಸುತ್ತೇನೆ. ಹುಣಸೆಹಣ್ಣು ಬೇಕಿಲ್ಲ. ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಜೋಳದ ರೊಟ್ಟಿಗೂ ಮೊಸರನ್ನಕ್ಕೂ ಹೊಂದುತ್ತದೆ. ಇದೇ ಗೊಜ್ಜನ್ನು ಬ್ಲ್ಯಾಕ್‌ಕರಂಟಿನಲ್ಲಿ ಮಾಡಿದಾಗ ಹಣ್ಣಿನ ಘಮ ಇಂಗನ್ನೂ ಮೆಂತ್ಯವನ್ನೂ ಮುಚ್ಚಿಹಾಕಿತ್ತು.

ಹಾಗಾದರೆ ಬ್ಲ್ಯಾಕ್‌ಕರಂಟಿಗೆ ಇದು ಬದಲಿಯೇ ಎಂದು ಕೇಳಿದರೆ, ಜಾಗಕ್ಕೆ ಬದಲಿ, ರುಚಿಗೆ ಬದಲಿಯಲ್ಲ ಎಂಬುದೇ ನನ್ನ ತೀರ್ಮಾನ. ನುಸಿಯಿಂದ ಬೇಸತ್ತವರು, ಔಷಧಿ ಹೊಡೆಯಲು ಒಲ್ಲದವರು, ಎರಡು ಮೀಟರ್ ಜಾಗವೂ ಜುಲೈಯಲ್ಲಿ ಬಿಡುವೂ ಇರುವವರು ಕಣ್ಣು ಮುಚ್ಚಿ ಜೋಸ್ಟಾಬೆರಿ ನೆಡಬಹುದು. ಬ್ಲ್ಯಾಕ್‌ಕರಂಟಿನ ಷರಬತ್ತೇ ಬೇಕು, ಆ ಘಮವೇ ಬೇಕು ಎನ್ನುವವರಿಗೆ ಸ್ಕಾಟ್ಲೆಂಡಿನ ಡಂಡೀ ಬಳಿಯ ಸಂಶೋಧನಾ ಕೇಂದ್ರದಿಂದ ಬಂದ ಬೆನ್ ಸರಣಿಯ ತಳಿಗಳಲ್ಲಿ ಬೆನ್ ಹೋಪ್ ಇದೆ. ಅದು ಅಪ್ಪಟ ಬ್ಲ್ಯಾಕ್‌ಕರಂಟ್ ಆಗಿದ್ದೂ ನುಸಿಯನ್ನು ತಡೆದುಕೊಳ್ಳುತ್ತದೆ. ವೂಸ್ಟರ್‌ಬೆರಿ ಕಿತ್ತ ಮೂಲೆಯಲ್ಲಿ ನಾನು ಅದನ್ನೊಂದು ನೆಟ್ಟಿದ್ದೇನೆ.

ಎರಡು ಜೋಸ್ಟಾಬೆರಿ ಗಿಡಗಳಿದ್ದಲ್ಲೇ ಇರುತ್ತವೆ. ಪ್ರತಿ ನವೆಂಬರಿನಲ್ಲಿ ಅವುಗಳಿಂದ ಪೆನ್ಸಿಲ್ ದಪ್ಪದ, ಒಂದಡಿ ಉದ್ದದ ಕಡ್ಡಿಗಳನ್ನು ಕತ್ತರಿಸಿ, ಮೂರರಲ್ಲಿ ಎರಡು ಭಾಗ ಮಣ್ಣಿನೊಳಗೆ ಹೋಗುವಂತೆ ಬೇಲಿಯ ಪಕ್ಕದಲ್ಲಿ ಸಾಲಾಗಿ ಚುಚ್ಚುತ್ತೇನೆ. ಹತ್ತರಲ್ಲಿ ಎಂಟಾದರೂ ಮರುವರ್ಷದ ಹೊತ್ತಿಗೆ ಬೇರು ಬಿಟ್ಟಿರುತ್ತವೆ. ಈ ಊರಿನ ನಾಲ್ಕು ಕನ್ನಡ ಮನೆಗಳ ಹಿಂದೆ ಈಗ ಆ ಗಿಡಗಳು ಬೆಳೆಯುತ್ತಿವೆ, ಮತ್ತು ಕಳೆದ ನವೆಂಬರಿನಲ್ಲಿ ಚುಚ್ಚಿದ ಆರು ಕಡ್ಡಿಗಳು ಈ ಚಳಿಗಾಲಕ್ಕೆ ಕೀಳಲು ಸಿದ್ಧವಾಗಿವೆ.